ಬಜೆಟ್ ದಿನ ಕೊಟ್ಟದ್ದು, ಬಾಕಿ ದಿನ ಕಿತ್ತದ್ದು

ತೆರಿಗೆ ಹಾಕುವುದು ಸರ್ಕಾರದ ಹಕ್ಕು. ಸದನದಲ್ಲಿ ನಿಂತು, ಕಾರಣ ಹೇಳಿ, ಲೆಕ್ಕ ಕೊಟ್ಟು, ಒಪ್ಪಿಗೆ ಪಡೆದು ಹಾಕುವುದು ಅದರ ಕರ್ತವ್ಯ. ಕಳೆದ ಕೆಲವು ವರ್ಷಗಳಲ್ಲಿ ದೆಹಲಿ ಮತ್ತು ಬೆಂಗಳೂರು ಎರಡೂ ಹಕ್ಕನ್ನು ಪೂರ್ತಿ ಚಲಾಯಿಸಿವೆ, ಕರ್ತವ್ಯವನ್ನು ಅರ್ಧಕ್ಕೇ ಕೈಬಿಟ್ಟಿವೆ. ವರ್ಷಕ್ಕೊಮ್ಮೆ ಬಜೆಟ್ ಮಂಡನೆಯಾಗುತ್ತದೆ, ಟಿವಿಯ ಮುಂದೆ ಜನ ಕೂರುತ್ತಾರೆ, ಯಾವುದು ಅಗ್ಗ ಯಾವುದು ದುಬಾರಿ ಎಂಬ ಪಟ್ಟಿ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಜನರ ಜೇಬಿಗೆ ನಿಜವಾಗಿ ಕೈ ಹಾಕುವ ಬದಲಾವಣೆಗಳಲ್ಲಿ ಹಲವು ಆ ದಿನ ಬರುವುದೇ ಇಲ್ಲ. ಅವು ಜೂನ್‌ನಲ್ಲಿ ಬರುತ್ತವೆ, ಆಗಸ್ಟ್‌ನಲ್ಲಿ ಬರುತ್ತವೆ, ಏಪ್ರಿಲ್ ಒಂದರ ಬೆಳಿಗ್ಗೆ ಪೆಟ್ರೋಲ್ ಬಂಕಿನ ಮೀಟರಿನಲ್ಲಿ ಕಾಣಿಸಿಕೊಳ್ಳುತ್ತವೆ. ಇದು ತಪ್ಪು. ಇದನ್ನು ಮೆತ್ತಗೆ ಹೇಳುವ ಕಾಲ ಮುಗಿದಿದೆ.

ಅಂಕೋಲಾದಿಂದ ಹುಬ್ಬಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಗಂಗಾವಳಿಯ ದಡದಲ್ಲಿರುವ ಅಗಸೂರಿನಂಥ ಊರಿನಿಂದ ನೋಡಿದರೆ ಈ ತಪ್ಪು ಸ್ಪಷ್ಟವಾಗಿ ಕಾಣುತ್ತದೆ. ಇಂಥ ಊರಲ್ಲಿ ಆದಾಯ ತೆರಿಗೆ ಕಟ್ಟುವವರು ಬೆರಳೆಣಿಕೆಯಷ್ಟು ಜನ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. ಕೈಗಾದಲ್ಲೋ ಕಾರವಾರದ ನೌಕಾನೆಲೆಯಲ್ಲೋ ಶಾಲೆಯಲ್ಲೋ ನೌಕರಿ ಮಾಡುವವರ ಮನೆಯಲ್ಲಿ ಮಾತ್ರ ಫೆಬ್ರವರಿ 1ರ ಭಾಷಣಕ್ಕೆ ಕಿವಿಗೊಡುತ್ತಾರೆ. ಉಳಿದವರು ‘ಬಜೆಟ್ಟಿಗೂ ನಮಗೂ ಏನು ಸಂಬಂಧ’ ಎನ್ನುತ್ತಾರೆ. ಸಂಬಂಧ ಇದೆ. ಹೆದ್ದಾರಿ ಬದಿಯ ಕಿರಾಣಿ ಅಂಗಡಿ, ಚಹಾದಂಗಡಿ, ಘಟ್ಟ ಹತ್ತಿಳಿಯುವ ಲಾರಿ, ಊರಿನ ಸೇವಾ ಸಹಕಾರಿ ಸಂಘ, ಅಣ್ಣತಮ್ಮಂದಿರು ಸೇರಿ ನಡೆಸುವ ಪಾಲುದಾರಿಕೆ ವ್ಯಾಪಾರ, ಯೋಜನೆಗೆ ಜಮೀನು ಬಿಟ್ಟುಕೊಟ್ಟ ಕುಟುಂಬ, ಇವುಗಳಲ್ಲಿ ಒಂದನ್ನೂ ಬಜೆಟ್ ಮುಟ್ಟದೆ ಬಿಟ್ಟಿಲ್ಲ.

ಮೊದಲು ಒಳ್ಳೆಯದನ್ನು ಒಪ್ಪಿಕೊಳ್ಳೋಣ. 2025ರ ಫೆಬ್ರವರಿ 1ರಂದು ನಿರ್ಮಲಾ ಸೀತಾರಾಮನ್ ಅವರು ಮಂಡಿಸಿದ ಬಜೆಟ್ ಸಂಬಳದಾರರಿಗೆ ದೊಡ್ಡ ಪರಿಹಾರ ಕೊಟ್ಟಿತು. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗೆ ತೆರಿಗೆಯಿಲ್ಲ. ಸಂಬಳದವರಿಗೆ 75 ಸಾವಿರದ ಪ್ರಮಾಣಿತ ಕಡಿತ ಸೇರಿ 12 ಲಕ್ಷ 75 ಸಾವಿರದವರೆಗೆ ಇಲ್ಲ. ಇದರಿಂದ ಖಜಾನೆಗೆ ಸುಮಾರು 1 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಸಚಿವರೇ ಹೇಳಿದರು. ಮಧ್ಯಮ ವರ್ಗ ಬಹಳ ವರ್ಷ ಕಾದಿತ್ತು, ಸಿಕ್ಕಿತು. ಬಾಡಿಗೆಯ ಮೇಲಿನ ಟಿಡಿಎಸ್ ಮಿತಿ ವರ್ಷಕ್ಕೆ 2.4 ಲಕ್ಷದಿಂದ 6 ಲಕ್ಷಕ್ಕೆ ಏರಿತು, ಹಿರಿಯ ನಾಗರಿಕರ ಬಡ್ಡಿಯ ಮೇಲಿನ ಮಿತಿ 50 ಸಾವಿರದಿಂದ 1 ಲಕ್ಷವಾಯಿತು. ಠೇವಣಿ ಬಡ್ಡಿಯಲ್ಲೇ ಬದುಕುವ ನಿವೃತ್ತ ಮಾಸ್ತರರಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಅದೇ ಕೊಡುಗೆಯ ಒಳಗೆ ಇನ್ನೊಂದು ತೀರ್ಮಾನ ಅಡಗಿದೆ, ಅದರ ಬಗ್ಗೆ ಚರ್ಚೆಯೇ ಆಗಲಿಲ್ಲ. ಹಳೆಯ ಪದ್ಧತಿಯಲ್ಲಿ 2.5 ಲಕ್ಷದ ಮೂಲ ವಿನಾಯಿತಿ, 80ಸಿ ಅಡಿಯ 1.5 ಲಕ್ಷದ ಮಿತಿ, ಎರಡೂ 2014ರಲ್ಲಿ ಎಲ್ಲಿದ್ದವೋ ಅಲ್ಲೇ ನಿಂತಿವೆ. ಬೇಳೆ, ಎಣ್ಣೆ, ಶಾಲಾ ಶುಲ್ಕ, ಆಸ್ಪತ್ರೆ ಬಿಲ್ಲು ಯಾವುದೂ 2014ರಲ್ಲಿ ನಿಂತಿಲ್ಲ. ಹಳೆಯ ಪದ್ಧತಿಯನ್ನು ರದ್ದು ಮಾಡುತ್ತೇವೆ ಎಂದು ಹೇಳುವ ಧೈರ್ಯ ಯಾವ ಸರ್ಕಾರಕ್ಕೂ ಬಂದಿಲ್ಲ. ಅದು ತಾನಾಗಿ ಸೊರಗಿ ಸಾಯಲಿ ಎಂದು ಬಿಟ್ಟಿದ್ದಾರೆ. ಪೋಸ್ಟಾಫೀಸಿನ ಉಳಿತಾಯ, ಎಲ್ಐಸಿ, ಪಿಪಿಎಫ್‌ಗೆ ಹಣ ಹಾಕಿ, ತೆರಿಗೆ ಉಳಿಸಿ ಎಂದು ಎರಡು ತಲೆಮಾರಿಗೆ ಕಲಿಸಿದ್ದು ಸರ್ಕಾರವೇ. ಮನೆ ಸಾಲದ ಬಡ್ಡಿಗೆ ರಿಯಾಯಿತಿ ಇದೆ ಎಂದು ನಂಬಿಸಿ 20 ವರ್ಷದ ಕಂತಿಗೆ ಸಹಿ ಹಾಕಿಸಿದ್ದೂ ಅದೇ. ಈಗ ಹೊಸ ಪದ್ಧತಿಯಲ್ಲಿ ಉಳಿಸಿದವನಿಗೂ ಉಳಿಸದವನಿಗೂ ಒಂದೇ ಲೆಕ್ಕ. ಇದು ಸರಿಯಾದ ನೀತಿಯೇ ಇರಬಹುದು. ಸರಿಯಾಗಿದ್ದರೆ ಅದನ್ನು ನೀತಿಯೆಂದೇ ಹೇಳಿ ಸಮರ್ಥಿಸಬೇಕಿತ್ತು.

ಆಯ್ಕೆಯ ಸ್ವಾತಂತ್ರ್ಯವೂ ಎಲ್ಲರಿಗೆ ಸಮನಾಗಿ ಸಿಕ್ಕಿಲ್ಲ. ಸಂಬಳದವರು ಪ್ರತಿ ವರ್ಷ ಹಳೆಯದೋ ಹೊಸದೋ ಲೆಕ್ಕ ಹಾಕಿ ಆರಿಸಿಕೊಳ್ಳಬಹುದು. ವ್ಯಾಪಾರದ ಆದಾಯವಿರುವವನು ಹೊಸ ಪದ್ಧತಿ ಬಿಟ್ಟು ಹಳೆಯದಕ್ಕೆ ಹೋದರೆ ಮರಳಿ ಬರಲು ಒಂದೇ ಅವಕಾಶ; ಬಂದ ಮೇಲೆ ಬಾಗಿಲು ಮುಚ್ಚುತ್ತದೆ. ಅಂದಾಜು ಆದಾಯದ ಸರಳ ಯೋಜನೆಗೆ ಸೇರಿದ ಸಣ್ಣ ವ್ಯಾಪಾರಿ ನಡುವೆ ಒಂದು ವರ್ಷ ಅದರಿಂದ ಹೊರಬಿದ್ದರೆ ಐದು ವರ್ಷ ಅತ್ತ ತಲೆ ಹಾಕುವಂತಿಲ್ಲ. ವರಮಾನ ಸ್ಥಿರವಾಗಿರುವ ನೌಕರನಿಗೆ ಪ್ರತಿ ವರ್ಷ ಆಯ್ಕೆ, ಮಳೆ ಹೆಚ್ಚಾದರೆ ರಸ್ತೆ ಬಂದ್ ಆಗಿ ವ್ಯಾಪಾರವೇ ನಿಲ್ಲುವ ಅಂಗಡಿಯವನಿಗೆ ಇಲ್ಲ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಸಂಚಾರ ನಿಂತುಹೋದಾಗ ಅಂಕೋಲಾ ತಾಲ್ಲೂಕಿನ ಅಂಗಡಿಕಾರರ ವರಮಾನಕ್ಕೆ ಏನಾಯಿತು ಎಂದು ಯಾರನ್ನಾದರೂ ಕೇಳಿ. ಅಂಥ ವರ್ಷವನ್ನೂ ಸುಗ್ಗಿಯ ವರ್ಷವನ್ನೂ ಈ ನಿಯಮ ಒಂದೇ ಅಳತೆಯಲ್ಲಿ ಅಳೆಯುತ್ತದೆ.

ಈಗ ಲಾರಿಯ ವಿಷಯಕ್ಕೆ ಬರೋಣ. ಹೆದ್ದಾರಿಯ ಊರುಗಳ ಮಟ್ಟಿಗೆ ಬಜೆಟ್ ಎಂದರೆ ಡೀಸೆಲ್.

ರಾಜ್ಯದ 2024-25ರ ಬಜೆಟ್ ಫೆಬ್ರವರಿಯಲ್ಲಿ ಮಂಡನೆಯಾಯಿತು. ಲೋಕಸಭಾ ಚುನಾವಣೆ ಮುಗಿದು ಫಲಿತಾಂಶ ಬಂದ ಮೇಲೆ, ಜೂನ್ 15ರಂದು, ಒಂದು ಅಧಿಸೂಚನೆಯ ಮೂಲಕ ಪೆಟ್ರೋಲಿನ ಮಾರಾಟ ತೆರಿಗೆ ಶೇ 25.92ರಿಂದ ಶೇ 29.84ಕ್ಕೆ ಏರಿತು, ಡೀಸೆಲ್‌ನದು ಶೇ 14ರ ಆಸುಪಾಸಿನಿಂದ ಶೇ 18 ದಾಟಿತು. ಲೀಟರಿಗೆ ಸುಮಾರು ಮೂರು ರೂಪಾಯಿ ಒಂದೇ ದಿನದಲ್ಲಿ ಹೆಚ್ಚಿತು. ಮುಂದಿನ ವರ್ಷ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ 4 ಲಕ್ಷ ಕೋಟಿ ಮೀರಿದ ಬಜೆಟ್ ಮಂಡಿಸಿದರು. ತಿಂಗಳು ತುಂಬುವ ಮೊದಲೇ, ಏಪ್ರಿಲ್ 1ಕ್ಕೆ, ಡೀಸೆಲ್ ತೆರಿಗೆ ಶೇ 21.17ಕ್ಕೆ ಏರಿ ಲೀಟರಿಗೆ ಮತ್ತೆ 2 ರೂಪಾಯಿ ಹೆಚ್ಚಾಯಿತು. ಹದಿನೈದು ದಿನದಲ್ಲಿ ಲಾರಿ ಮಾಲೀಕರು ಮುಷ್ಕರಕ್ಕಿಳಿದರು.

ಅದೇ ಬಜೆಟ್‌ನಲ್ಲಿ ವೃತ್ತಿ ತೆರಿಗೆಯ ಬದಲಾವಣೆಯೂ ಇತ್ತು ಎಂಬುದನ್ನು ಗಮನಿಸಬೇಕು. ತಿಂಗಳಿಗೆ 25 ಸಾವಿರ ಮತ್ತು ಅದಕ್ಕೂ ಹೆಚ್ಚು ಸಂಬಳ ಪಡೆಯುವವರಿಗೆ ತಿಂಗಳಿಗೆ 200 ರೂಪಾಯಿ ಇದ್ದದ್ದನ್ನು ಫೆಬ್ರವರಿ ತಿಂಗಳಿಗೆ ಮಾತ್ರ 300 ಮಾಡಿ, ವರ್ಷದ ಮೊತ್ತವನ್ನು ಸಂವಿಧಾನ ಹಾಕಿದ ಗರಿಷ್ಠ ಮಿತಿಯಾದ 2,500 ರೂಪಾಯಿಗೆ ಮುಟ್ಟಿಸಿದರು. ವರ್ಷಕ್ಕೆ ನೂರು ರೂಪಾಯಿ ಹೆಚ್ಚಿಸುವುದಕ್ಕೆ ಸರ್ಕಾರ ಸದನಕ್ಕೆ ಬಂತು, ಮಸೂದೆ ತಂದಿತು, ಒಪ್ಪಿಗೆ ಪಡೆಯಿತು. ಸಾವಿರಾರು ಕೋಟಿ ತರುವ ಡೀಸೆಲ್ ತೆರಿಗೆಗೆ ಸದನಕ್ಕೆ ಬರುವ ಅಗತ್ಯ ಅದಕ್ಕೆ ಕಾಣಲಿಲ್ಲ. ಕಾನೂನು ಅಧಿಸೂಚನೆಗೆ ಅವಕಾಶ ಕೊಟ್ಟಿದೆ, ನಿಜ. ಮಾರ್ಚ್ 7ರಂದು ವರ್ಷದ ಜಮಾ-ಖರ್ಚು ಓದಿದ ಮುಖ್ಯಮಂತ್ರಿಗೆ ಮೂರು ವಾರದ ನಂತರ ಬೇಕಾಗುವ ಹಣದ ಅಂದಾಜು ಇರಲಿಲ್ಲ ಎಂದು ಯಾರು ನಂಬುತ್ತಾರೆ? ಗೊತ್ತಿದ್ದೂ ಹೇಳಲಿಲ್ಲ ಎಂಬುದೇ ನಮ್ಮ ತೀರ್ಪು.

ಬೆಂಗಳೂರಿನ ಸಮರ್ಥನೆ ನಮಗೆ ಗೊತ್ತು. ನೆರೆಯ ಹಲವು ರಾಜ್ಯಗಳಿಗಿಂತ ನಮ್ಮಲ್ಲಿ ಡೀಸೆಲ್ ಅಗ್ಗ. 2021ರ ನವೆಂಬರಿನ ಮೊದಲು ಇದೇ ತೆರಿಗೆ ಶೇ 24 ಇತ್ತು. ಜಿಎಸ್‌ಟಿ ಬಂದ ಮೇಲೆ ರಾಜ್ಯದ ಕೈಯಲ್ಲಿ ಮುಖ್ಯವಾಗಿ ಉಳಿದಿರುವುದು ಇಂಧನ, ಮದ್ಯ, ಮುದ್ರಾಂಕ, ವಾಹನ ತೆರಿಗೆ. 15ನೇ ಹಣಕಾಸು ಆಯೋಗ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿತು, ಕೇಂದ್ರದ ಸೆಸ್‌ನಲ್ಲಿ ರಾಜ್ಯಗಳಿಗೆ ಪಾಲಿಲ್ಲ. ಇವೆಲ್ಲವೂ ನಿಜ. ಕರ್ನಾಟಕಕ್ಕೆ ಆಗಿರುವ ಅನ್ಯಾಯದ ಬಗ್ಗೆ ಈ ಪತ್ರಿಕೆಗೆ ಎರಡನೆಯ ಅಭಿಪ್ರಾಯವಿಲ್ಲ. ಗ್ಯಾರಂಟಿ ಯೋಜನೆಗಳಿಗೆ ವರ್ಷಕ್ಕೆ 50 ಸಾವಿರ ಕೋಟಿಗೂ ಹೆಚ್ಚು ಬೇಕು, ಅದರಿಂದ ಈ ಭಾಗದ ಹೆಂಗಸರ ಕೈಗೆ ತಿಂಗಳಿಗೆ ಎರಡು ಸಾವಿರ ಬರುತ್ತಿದೆ, ಅದನ್ನೂ ನಾವು ಹೀಗಳೆಯುವುದಿಲ್ಲ. ಆದರೆ ಇಷ್ಟು ಬಲವಾದ ಕಾರಣಗಳು ಇರುವ ಸರ್ಕಾರ ಅವನ್ನು ಸದನದಲ್ಲಿ ಹೇಳಿ ತೆರಿಗೆ ಹಾಕಲು ಯಾಕೆ ಹಿಂಜರಿಯಬೇಕು? ಗ್ಯಾರಂಟಿಯ ಹಣವನ್ನು ಬಜೆಟ್ ಭಾಷಣದಲ್ಲಿ ಘೋಷಿಸಿ, ಆ ಹಣದ ಮೂಲವನ್ನು ಅಧಿಸೂಚನೆಯಲ್ಲಿ ಮುಚ್ಚಿಡುವುದು ನ್ಯಾಯವಲ್ಲ. 2025ರ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ, ಅಂದರೆ ಇದ್ದದ್ದರ ಎರಡು ಪಟ್ಟಿಗೆ ಏರಿದ್ದೂ ಹೀಗೆಯೇ. 10 ಲಕ್ಷದ ತುಂಡು ಜಾಗ ಕೊಳ್ಳುವವನು 10 ಸಾವಿರ ಕೊಡುವಲ್ಲಿ 20 ಸಾವಿರ ಕೊಟ್ಟ.

ಒಂದು ಲಾರಿಯ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಅಂಕೋಲಾದಿಂದ ಹುಬ್ಬಳ್ಳಿಗೆ ಸುಮಾರು 140 ಕಿಲೋಮೀಟರ್. ಲೋಡಾದ ಲಾರಿ ಅರಬೈಲ್ ಘಟ್ಟ ಹತ್ತಬೇಕು. ಲೀಟರಿಗೆ ನಾಲ್ಕು ಕಿಲೋಮೀಟರ್ ಸಿಕ್ಕರೆ ಪುಣ್ಯ. ಹೋಗಿ ಬರಲು 70 ಲೀಟರ್. ಹತ್ತು ತಿಂಗಳ ಅಂತರದಲ್ಲಿ ಎರಡು ಬಾರಿ ಏರಿದ ತೆರಿಗೆಯಿಂದ ಲೀಟರಿಗೆ 5 ರೂಪಾಯಿ ಹೆಚ್ಚಾಯಿತು ಎಂದರೆ ಒಂದು ಟ್ರಿಪ್ಪಿಗೆ 350 ರೂಪಾಯಿ. ತಿಂಗಳಿಗೆ ಹನ್ನೆರಡು ಟ್ರಿಪ್ ಹೊಡೆದರೆ 4,200. ಬಾಡಿಗೆಯನ್ನು ಅದೇ ದಿನ ಏರಿಸಲು ಆಗುವುದಿಲ್ಲ. ಏರಿಸಿದ ಮೇಲೆ ಹುಬ್ಬಳ್ಳಿಯಿಂದ ಬರುವ ಈರುಳ್ಳಿ, ಅಕ್ಕಿ, ತರಕಾರಿಯ ಬೆಲೆಯಲ್ಲಿ ಅದು ನಮ್ಮ ಮನೆಗೇ ಬರುತ್ತದೆ. ಆದಾಯ ತೆರಿಗೆ ಕಟ್ಟದ ಕೂಲಿಯವನೂ ಹೀಗೆ ಡೀಸೆಲ್ ತೆರಿಗೆ ಕಟ್ಟುತ್ತಾನೆ. ಅವನಿಗೆ ರಿಟರ್ನ್ ಇಲ್ಲ, ರೀಫಂಡೂ ಇಲ್ಲ.

ಆ ಲಾರಿ ಮಾಲೀಕನ ಆದಾಯ ತೆರಿಗೆಯ ಕಡೆಗೂ ನೋಡಬೇಕು, ಏಕೆಂದರೆ ಬಜೆಟ್‌ನ ಒಂದು ಸಾಲು ಒಂದು ಕಸುಬಿಗೆ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಹತ್ತು ಅಥವಾ ಅದಕ್ಕಿಂತ ಕಡಿಮೆ ಲಾರಿ ಇಟ್ಟುಕೊಂಡವರಿಗೆ ಪುಸ್ತಕ ಬರೆಯುವ ಗೋಜಿಲ್ಲದೆ ಅಂದಾಜು ಆದಾಯ ತೋರಿಸುವ ಅನುಕೂಲ 44ಎಇ ಕಲಮಿನಲ್ಲಿತ್ತು. ಲಾರಿಯೊಂದಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯ ಎಂದು ಒಪ್ಪಿಕೊಂಡರೆ ಮುಗಿಯುತ್ತಿತ್ತು, ಅಂದರೆ ವರ್ಷಕ್ಕೆ 90 ಸಾವಿರ. 2018ರ ಬಜೆಟ್ ಇದನ್ನು ಬದಲಿಸಿ, 12 ಟನ್ ಮೀರಿದ ವಾಹನಗಳಿಗೆ ಒಟ್ಟು ತೂಕದ ಟನ್ನಿಗೆ ತಿಂಗಳಿಗೆ ಸಾವಿರ ರೂಪಾಯಿ ಎಂದು ನಿಗದಿ ಮಾಡಿತು. 25 ಟನ್ನಿನ ಲಾರಿಗೆ ತಿಂಗಳಿಗೆ 25 ಸಾವಿರ, ವರ್ಷಕ್ಕೆ 3 ಲಕ್ಷ. ಗಾಡಿ ಅದೇ, ರಸ್ತೆ ಅದೇ, ಬಾಡಿಗೆ ಅದೇ. ಕಾಗದದ ಮೇಲೆ ಅವನ ಆದಾಯ ಮೂರು ಪಟ್ಟು ದಾಟಿತು. ದೊಡ್ಡ ಲಾರಿಯವನಿಗೂ ಸಣ್ಣ ಗಾಡಿಯವನಿಗೂ ಒಂದೇ ದರ ಇರಬಾರದು ಎಂಬ ವಾದದಲ್ಲಿ ಹುರುಳಿತ್ತು. ಆದರೆ ಡೀಸೆಲ್ ಏರಿದಾಗ, ಟೋಲ್ ಏರಿದಾಗ ಆ ಸಾವಿರ ರೂಪಾಯಿ ಇಳಿಯುವುದಿಲ್ಲ. ಒಂದು ಸರ್ಕಾರ ಖರ್ಚು ಏರಿಸುತ್ತದೆ, ಇನ್ನೊಂದು ಸರ್ಕಾರ ಖರ್ಚು ಏರಿಲ್ಲವೆಂದು ಭಾವಿಸಿ ಆದಾಯ ಲೆಕ್ಕ ಹಾಕುತ್ತದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಇದೇ ರೀತಿಯ ಇನ್ನೊಂದು ಸಾಲು 2009ರ ಬಜೆಟ್‌ನದು. ಸರ್ಕಾರ ಸ್ವಾಧೀನಪಡಿಸಿಕೊಂಡ ಜಮೀನಿಗೆ ಕೋರ್ಟು ಹೆಚ್ಚುವರಿ ಪರಿಹಾರ ಕೊಟ್ಟಾಗ ವಿಳಂಬಕ್ಕೆ ಬಡ್ಡಿಯೂ ಬರುತ್ತದೆ. ಆ ಬಡ್ಡಿ ಎಷ್ಟು ವರ್ಷದ್ದೇ ಆಗಿರಲಿ, ಕೈಗೆ ಬಂದ ವರ್ಷದ ಆದಾಯವೆಂದೇ ಲೆಕ್ಕ. ಅರ್ಧಕ್ಕೆ ಕಡಿತ, ಉಳಿದ ಅರ್ಧಕ್ಕೆ ತೆರಿಗೆ. ಸೀಬರ್ಡ್ ನೌಕಾನೆಲೆಗೆ ಜಮೀನು ಬಿಟ್ಟು ದಶಕಗಳ ಕಾಲ ಹೆಚ್ಚುವರಿ ಪರಿಹಾರಕ್ಕೆ ಕೋರ್ಟು ಅಲೆದ ಕಾರವಾರ-ಅಂಕೋಲೆಯ ಜನಕ್ಕೆ ಬಡ್ಡಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ತಡ ಮಾಡಿದ್ದು ಸರ್ಕಾರ. ಆ ತಡಕ್ಕೆ ಕೊಟ್ಟ ದಂಡದಲ್ಲಿ ಪಾಲು ಕೇಳುವುದೂ ಸರ್ಕಾರ. ಅಲಗೇರಿಯ ವಿಮಾನ ನಿಲ್ದಾಣ, ಕೇಣಿಯ ಬಂದರು ಎಂದು ಈ ತಾಲ್ಲೂಕಿನ ಜಮೀನಿನ ಮೇಲೆ ಮತ್ತೆ ಮತ್ತೆ ಕಣ್ಣು ಬೀಳುತ್ತಿರುವಾಗ ಈ ನಿಯಮವನ್ನು ತೆಗೆದುಹಾಕಲು ಒತ್ತಾಯಿಸದ ಜನಪ್ರತಿನಿಧಿ ತನ್ನ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ.

ವ್ಯಾಪಾರದ ತೆರಿಗೆಯಲ್ಲಿ ದೆಹಲಿಯ ಪಕ್ಷಪಾತ ಇನ್ನೂ ಢಾಳಾಗಿದೆ. 2019ರ ಜುಲೈ 5ರಂದು ಪೂರ್ಣ ಬಜೆಟ್ ಮಂಡನೆಯಾಗಿತ್ತು. ಎರಡೂವರೆ ತಿಂಗಳು ಕಳೆದ ಮೇಲೆ, ಸೆಪ್ಟೆಂಬರ್ 20ರಂದು, ನಮ್ಮ ಪಕ್ಕದ ಪಣಜಿಯಲ್ಲಿ ಪತ್ರಿಕಾಗೋಷ್ಠಿ ಕರೆದು ಹಣಕಾಸು ಸಚಿವರು ಕಂಪನಿ ತೆರಿಗೆಯನ್ನು ಶೇ 30ರಿಂದ ಶೇ 22ಕ್ಕೆ ಇಳಿಸಿದರು. ಹೊಸ ಉತ್ಪಾದನಾ ಕಂಪನಿಗಳಿಗೆ ಶೇ 15. ಸುಗ್ರೀವಾಜ್ಞೆಯ ಮೂಲಕ ಇದು ಜಾರಿಗೆ ಬಂತು. ಬಿಟ್ಟುಕೊಟ್ಟ ವರಮಾನ 1.45 ಲಕ್ಷ ಕೋಟಿ ಎಂದು ಅವರೇ ಹೇಳಿದರು. ಸ್ವತಂತ್ರ ಭಾರತದ ಅತಿ ದೊಡ್ಡ ಕಂಪನಿ ತೆರಿಗೆ ಕಡಿತಗಳಲ್ಲೊಂದು ಬಜೆಟ್‌ನಲ್ಲಿ ಇರಲೇ ಇಲ್ಲ.

ಅದೇ ದಿನ ಪಾಲುದಾರಿಕೆ ಸಂಸ್ಥೆಗೆ ಸಿಕ್ಕಿದ್ದು ಏನು? ಏನೂ ಇಲ್ಲ. ತೆರಿಗೆ ದರ ಇಂದಿಗೂ ಇಳಿದಿಲ್ಲ. ಅಂಕೋಲಾ, ಕುಮಟಾ, ಕಾರವಾರದ ಪೇಟೆಯ ಎಷ್ಟೋ ಸಗಟು ಅಂಗಡಿ, ಗೇರುಬೀಜದ ಕಾರ್ಖಾನೆ, ಕಟ್ಟಡ ಸಾಮಗ್ರಿಯ ವ್ಯಾಪಾರ ಅಣ್ಣತಮ್ಮಂದಿರ, ಸ್ನೇಹಿತರ ಪಾಲುದಾರಿಕೆಯಲ್ಲಿ ನಡೆಯುತ್ತದೆ. ಅವುಗಳ ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇ 30, ಮೇಲೆ ಶೇ 4 ಸೆಸ್. 10 ಲಕ್ಷ ಲಾಭಕ್ಕೆ 3,12,000 ರೂಪಾಯಿ. ಅಷ್ಟೇ ಲಾಭದ ಕಂಪನಿ ಸರ್‌ಚಾರ್ಜ್, ಸೆಸ್ ಎಲ್ಲ ಸೇರಿ ಕಟ್ಟುವುದು 2,51,680. ವ್ಯತ್ಯಾಸ ಅರವತ್ತು ಸಾವಿರ. ಕಂಪನಿಯ ಡಿವಿಡೆಂಡ್‌ಗೆ ಷೇರುದಾರ ಮತ್ತೆ ತೆರಿಗೆ ಕಟ್ಟುತ್ತಾನೆ, ಪಾಲುದಾರನ ಲಾಭಾಂಶಕ್ಕೆ ಅದಿಲ್ಲ, ಪಾಲುದಾರನ ಸಂಬಳಕ್ಕೆ ಕಡಿತವೂ ಇದೆ ಎನ್ನುತ್ತಾರೆ ಬಲ್ಲವರು. ಸರಿ. ಆದರೆ ಲಾಭವನ್ನು ಹಂಚದೆ ಅಂಗಡಿಯಲ್ಲೇ ತೊಡಗಿಸಿ ವ್ಯಾಪಾರ ಬೆಳೆಸುವವನ ಪಾಡೇನು? ಕಂಪನಿಯವನ ಕೈಯಲ್ಲಿ ಹೆಚ್ಚು ಉಳಿಯುತ್ತದೆ, ಪಾಲುದಾರಿಕೆಯವನ ಕೈಯಲ್ಲಿ ಕಡಿಮೆ. ದರ ಇಳಿಸುವ ಬದಲು 2024ರ ಬಜೆಟ್ ಅವನಿಗೆ ಹೊಸ ಕೆಲಸ ಕೊಟ್ಟಿತು: ಪಾಲುದಾರರಿಗೆ ವರ್ಷಕ್ಕೆ 20 ಸಾವಿರ ಮೀರಿ ಕೊಡುವ ಸಂಬಳ, ಬಡ್ಡಿಗೆ 2025ರ ಏಪ್ರಿಲ್‌ನಿಂದ ಶೇ 10 ಟಿಡಿಎಸ್ ಹಿಡಿಯಬೇಕು. ತನ್ನದೇ ಅಂಗಡಿಯ ಗಲ್ಲಾದಿಂದ ತನಗೇ ಕೊಟ್ಟುಕೊಳ್ಳುವ ಹಣಕ್ಕೆ ಟ್ಯಾನ್ ನಂಬರು, ಚಲನ್, ಮೂರು ತಿಂಗಳಿಗೊಂದು ವಿವರಣಾ ಪತ್ರ.

ಸಹಕಾರಿ ಸಂಘಕ್ಕೂ ಇಂಥದೇ ಪೆಟ್ಟು ಬಿದ್ದಿದೆ, ಹೆಚ್ಚು ಜನಕ್ಕೆ ಗೊತ್ತಾಗಲಿಲ್ಲ. ಸದಸ್ಯರಿಗೆ ಸಾಲ ಕೊಡುವ ಸಂಘಗಳ ಲಾಭಕ್ಕೆ 80ಪಿ ಕಲಮಿನಲ್ಲಿ ಪೂರ್ತಿ ಕಡಿತವಿದೆ. 2018ರ ತಿದ್ದುಪಡಿಯ ನಂತರ ಗಡುವಿನೊಳಗೆ ರಿಟರ್ನ್ ಸಲ್ಲಿಸದಿದ್ದರೆ ಆ ಕಡಿತವೇ ಹೋಗುತ್ತದೆ. ಹಳ್ಳಿಯ ಸಂಘದ ಲೆಕ್ಕಪರಿಶೋಧನೆ ತಡವಾಗುವುದು ಹಲವು ಬಾರಿ ಕಾರ್ಯದರ್ಶಿಯ ಕೈಯಲ್ಲಿ ಇರುವುದಿಲ್ಲ. ಆದರೆ ದಂಡ ಬೀಳುವುದು ಬೆಳೆ ಸಾಲ ಪಡೆದ ಸದಸ್ಯರ ಸಂಘಕ್ಕೆ. ತಡಕ್ಕೆ ತಡದ ಶುಲ್ಕವಿದೆ. ಅದರ ಮೇಲೆ ಇಡೀ ವಿನಾಯಿತಿಯನ್ನೇ ಕಿತ್ತುಕೊಳ್ಳುವುದು ಅತಿಯಾಯಿತು.

ಇನ್ನು 2025ರ ಜುಲೈನಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳ ನಿದ್ದೆಗೆಡಿಸಿದ ಯುಪಿಐ ನೋಟಿಸ್. ವಾಣಿಜ್ಯ ತೆರಿಗೆ ಇಲಾಖೆ ಫೋನ್‌ಪೇ, ಗೂಗಲ್‌ಪೇಯಂಥ ಆ್ಯಪ್‌ಗಳ ಮೂಲಕ 2021-22ರಿಂದ ಬಂದ ಹಣದ ಲೆಕ್ಕ ತೆಗೆದು ಸಾವಿರಾರು ಅಂಗಡಿಕಾರರಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ರೂಪಾಯಿ ತೆರಿಗೆ ಕೇಳಿದ ಸುದ್ದಿ ರಾಜ್ಯವನ್ನೇ ಬೆಚ್ಚಿಬೀಳಿಸಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡು ಬಿತ್ತು. ಪ್ರತಿಭಟನೆ ಜೋರಾದ ಮೇಲೆ ಮುಖ್ಯಮಂತ್ರಿ ವ್ಯಾಪಾರಿಗಳ ಸಭೆ ಕರೆದು, ವಿನಾಯಿತಿ ಇರುವ ಸರಕಿನವರಿಂದ ತೆರಿಗೆ ವಸೂಲಿ ಮಾಡುವುದಿಲ್ಲ, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದರು.

ಜಿಎಸ್‌ಟಿ ನೋಂದಣಿಗೆ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟಿನ ಮಿತಿ ಹೊಸದೇನಲ್ಲ ಎಂದು ಇಲಾಖೆ ಹೇಳಿದ್ದು ಸರಿ. ಆ ಮಿತಿ ಹಳ್ಳಿಯ ಲೆಕ್ಕದಲ್ಲಿ ಎಷ್ಟಾಗುತ್ತದೆ ನೋಡಿ. 40 ಲಕ್ಷ ಎಂದರೆ ದಿನಕ್ಕೆ 11 ಸಾವಿರದ ಆಸುಪಾಸಿನ ವ್ಯಾಪಾರ. ಹೆದ್ದಾರಿ ಬದಿಯ ಒಳ್ಳೆಯ ಕಿರಾಣಿ ಅಂಗಡಿ ಅದನ್ನು ಮುಟ್ಟುತ್ತದೆ. ಊಟ-ತಿಂಡಿಯ ಹೋಟೆಲಿಗೆ 20 ಲಕ್ಷದ ಮಿತಿ, ಅಂದರೆ ದಿನಕ್ಕೆ ಐದೂವರೆ ಸಾವಿರ. ಬಸ್ಸು ನಿಲ್ಲುವ ಜಾಗವಾದರೆ ಮಧ್ಯಾಹ್ನದೊಳಗೆ ಆಗುತ್ತದೆ. ಅಂಗಡಿಯ ಕ್ಯೂಆರ್ ಕೋಡಿಗೇ ಮಗ ಊರಿಗೆ ಕಳಿಸಿದ ದುಡ್ಡು, ಸಂಘದ ಕಂತು, ಕೈಗಡ ತೀರಿಸಿದ್ದು ಎಲ್ಲ ಬಿದ್ದಿರುತ್ತದೆ. ಹಣ ಬಂದದ್ದೆಲ್ಲ ವಹಿವಾಟು, ವಹಿವಾಟೆಲ್ಲ ತೆರಿಗೆಗೆ ಅರ್ಹ ಎಂದು ಲೆಕ್ಕ ಹಾಕುವ ಅಧಿಕಾರಿ ತನ್ನ ಕೆಲಸವನ್ನು ಅರ್ಧ ಮಾಡಿ ಉಳಿದರ್ಧವನ್ನು ಅಂಗಡಿಕಾರನ ತಲೆಗೆ ಕಟ್ಟಿದ್ದಾನೆ. ಮೊದಲ ವರ್ಷವೇ ಮಿತಿ ದಾಟಿದ್ದು ಕಂಡಿದ್ದರೆ ಮೊದಲ ವರ್ಷವೇ ಹೇಳಬಹುದಿತ್ತು. 1.5 ಕೋಟಿವರೆಗಿನ ವ್ಯಾಪಾರಿಗೆ ಶೇ 1 ಕಟ್ಟಿ ಮುಗಿಸುವ ರಾಜಿ ತೆರಿಗೆ ಪದ್ಧತಿ ಇದೆ ಎಂದು ಅಂಗಡಿಗೆ ಬಂದು ತಿಳಿಸಬಹುದಿತ್ತು. ನಾಲ್ಕು ವರ್ಷ ಸುಮ್ಮನಿದ್ದು ಐದನೇ ವರ್ಷ ಬಡ್ಡಿ-ದಂಡದ ಸಮೇತ ಕೇಳುವುದು ಆಡಳಿತವಲ್ಲ. ಡಿಜಿಟಲ್ ಪಾವತಿ ಮಾಡಿ ಎಂದು ಸರ್ಕಾರವೇ ಕರೆ ಕೊಟ್ಟಿತ್ತು. ಆ ಮಾತು ನಂಬಿದವರು ಸಿಕ್ಕಿಬಿದ್ದರು, ನಂಬದೆ ನಗದಲ್ಲೇ ವ್ಯಾಪಾರ ಮಾಡಿದವರು ಹಾಯಾಗಿದ್ದಾರೆ.

ಅದೇ ವರ್ಷ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಇಳಿದವು. ಸಿಮೆಂಟ್ ಶೇ 28ರಿಂದ 18ಕ್ಕೆ, ಸಾಬೂನು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ ಶೇ 18ರಿಂದ 5ಕ್ಕೆ ಬಂದವು. ವೈಯಕ್ತಿಕ ಆರೋಗ್ಯ ವಿಮೆ, ಜೀವ ವಿಮೆಗೆ ತೆರಿಗೆಯೇ ಹೋಯಿತು. ಒಳ್ಳೆಯ ನಿರ್ಧಾರ. ಇದೂ ಬಜೆಟ್‌ನಲ್ಲಿ ಬಂದದ್ದಲ್ಲ, ಜಿಎಸ್‌ಟಿ ಮಂಡಳಿಯಲ್ಲಿ ಆದದ್ದು. ಸೆಪ್ಟೆಂಬರ್ 3ರಂದು ಘೋಷಣೆ, ಮೂರು ವಾರದೊಳಗೆ ಜಾರಿ. ನೋಂದಣಿ ಇಲ್ಲದ ಸಣ್ಣ ಅಂಗಡಿಯವನು ಕಪಾಟಿನಲ್ಲಿಟ್ಟಿದ್ದ ಎಣ್ಣೆ ಬಾಟಲಿಗೆ ಮೂಲ ಬೆಲೆ 100 ಆದರೆ 118 ಕೊಟ್ಟಿದ್ದ. ಹೊಸ ದರದಲ್ಲಿ ಅದು 105. ಅವನಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಸಗಟುದಾರ ಭರಿಸದಿದ್ದರೆ ಬಾಟಲಿಗೆ 13 ರೂಪಾಯಿ ಅವನ ತಲೆಯ ಮೇಲೆ. ತೆರಿಗೆ ಇಳಿದ ದಿನವೂ ನಷ್ಟ ಹೊತ್ತವನು ಅವನೇ.

ಸದನಕ್ಕೆ ಬಂದ ತೆರಿಗೆಗೂ ಬಾರದ ತೆರಿಗೆಗೂ ಇರುವ ವ್ಯತ್ಯಾಸ ಬರೀ ಔಪಚಾರಿಕವಲ್ಲ. 2016ರ ಫೆಬ್ರವರಿ 29ರ ಬಜೆಟ್‌ನಲ್ಲಿ ಭವಿಷ್ಯನಿಧಿ ಹಣದ ಶೇ 60ಕ್ಕೆ ತೆರಿಗೆ ಹಾಕುವ ಪ್ರಸ್ತಾವ ಬಂತು. ನೌಕರರು ಎದ್ದು ನಿಂತರು, ಮಾರ್ಚ್ 8ಕ್ಕೆ ಅರುಣ್ ಜೇಟ್ಲಿ ಹಿಂತೆಗೆದುಕೊಂಡರು. 2024ರ ಜುಲೈ 23ರ ಬಜೆಟ್ ಆಸ್ತಿ ಮಾರಾಟದ ಲಾಭಕ್ಕೆ ಹಣದುಬ್ಬರದ ಹೊಂದಾಣಿಕೆಯನ್ನು ರದ್ದು ಮಾಡಿತು. ಪಿತ್ರಾರ್ಜಿತ ಮನೆ-ಜಾಗ ಇದ್ದವರೆಲ್ಲ ಕಂಗಾಲಾದರು, ಮಸೂದೆ ಅಂಗೀಕಾರವಾಗುವ ಮೊದಲೇ ಹಳೆಯ ಆಸ್ತಿಗಳಿಗೆ ಶೇ 20ರ ಹಳೆಯ ಲೆಕ್ಕವನ್ನೂ ಆರಿಸಿಕೊಳ್ಳುವ ಅವಕಾಶ ಕೊಟ್ಟರು. ಪ್ರಸ್ತಾವ ಮೇಜಿನ ಮೇಲಿದ್ದುದರಿಂದ ತಿದ್ದಲು ಸಾಧ್ಯವಾಯಿತು. ಚರ್ಚೆಯೇ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ 2023ರ ಮಾರ್ಚ್ 24 ಇದೆ: ಗದ್ದಲದ ನಡುವೆ ಅರವತ್ತಕ್ಕೂ ಹೆಚ್ಚು ಸರ್ಕಾರಿ ತಿದ್ದುಪಡಿಗಳೊಂದಿಗೆ ಹಣಕಾಸು ಮಸೂದೆ ಲೋಕಸಭೆಯಲ್ಲಿ ಪಾಸಾಯಿತು. ಡೆಟ್ ಮ್ಯೂಚುವಲ್ ಫಂಡುಗಳ ತೆರಿಗೆ ಲಾಭ ತೆಗೆದದ್ದು ಆ ತಿದ್ದುಪಡಿಗಳಲ್ಲೇ. ಫೆಬ್ರವರಿಯ ಭಾಷಣದಲ್ಲಿ ಅದರ ಸುಳಿವೇ ಇರಲಿಲ್ಲ, ಒಂದು ವಾರದಲ್ಲಿ ಜಾರಿಗೆ ಬಂತು. ಆ ಗದ್ದಲಕ್ಕೆ ಆಡಳಿತ ಪಕ್ಷವೂ ವಿರೋಧ ಪಕ್ಷವೂ ಸಮಾನ ಹೊಣೆ. ತೆರಿಗೆಯ ದಿನ ಘೋಷಣೆ ಕೂಗಿದ ಸಂಸದರು ಮತದಾರರ ಕೆಲಸವನ್ನು ಕೈಬಿಟ್ಟರು.

ಈ ಮಾತನ್ನು ಅಂಕೋಲೆಯ ನೆಲದಿಂದ ಹೇಳುವುದಕ್ಕೆ ಒಂದು ಕಾರಣವಿದೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು. ಅದರ ಬೆನ್ನಿಗೆ ಅಂಕೋಲಾ, ಸಿದ್ದಾಪುರ, ಹಿರೇಕೆರೂರು ತಾಲ್ಲೂಕುಗಳಲ್ಲಿ ಕರನಿರಾಕರಣೆ ನಡೆಯಿತು. ಸೂರ್ವೆಯಂಥ ಹಳ್ಳಿಗಳ ರೈತರು ಭೂಕಂದಾಯ ಕೊಡಲು ನಿರಾಕರಿಸಿದರು. ದನಕರು, ಪಾತ್ರೆಪಡಗ ಜಪ್ತಿಯಾದವು, ಗದ್ದೆಗಳು ಹರಾಜಾದವು, ಹೆಂಗಸರು ಜೈಲಿಗೆ ಹೋದರು. ಕರ್ನಾಟಕದ ಬಾರ್ಡೋಲಿ ಎಂದು ಈ ತಾಲ್ಲೂಕಿಗೆ ಹೆಸರು ಬಂದದ್ದು ಹೀಗೆ. ಆ ಜನ ತೆರಿಗೆಯೇ ಬೇಡ ಎನ್ನಲಿಲ್ಲ. ನಮ್ಮನ್ನು ಕೇಳದ ಸರ್ಕಾರಕ್ಕೆ ತೆರಿಗೆ ಇಲ್ಲ ಎಂದರು. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುವುದರ ಹಿಂದೆ ಅಂಥವರ ಗದ್ದೆ, ದನ, ಪಾತ್ರೆ ಇವೆ. ಆ ಅಧಿಕಾರವನ್ನು ಅಧಿಸೂಚನೆಯ ಸಹಿಗೆ ಇಳಿಸುವವರು ಯಾರ ತ್ಯಾಗವನ್ನು ಅಗ್ಗ ಮಾಡುತ್ತಿದ್ದೇವೆ ಎಂದು ತಿಳಿದಿರಬೇಕು.

1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 536 ಸೆಕ್ಷನ್‌ಗಳ ಹೊಸ ಕಾಯ್ದೆ ಎಂದು ಸಂಸತ್ತು ಗೊತ್ತುಪಡಿಸಿದೆ. ಹಿಂದಿನ ವರ್ಷ, ನಿರ್ಧಾರಣಾ ವರ್ಷ ಎಂಬ ಗೊಂದಲ ತೆಗೆದು ಒಂದೇ ‘ತೆರಿಗೆ ವರ್ಷ’ ಮಾಡಿದ್ದು ಸ್ವಾಗತಾರ್ಹ. ಆದರೆ ಹಳೆಯ ಕಾಯ್ದೆ ಕಗ್ಗಂಟಾದದ್ದು ಅದನ್ನು ಬರೆದವರಿಂದಲ್ಲ, ಪ್ರತಿ ವರ್ಷ ತಿದ್ದಿದವರಿಂದ. ಹೊಸದನ್ನೂ ಹಾಗೇ ತಿದ್ದುತ್ತಾ ಹೋದರೆ ಹತ್ತು ವರ್ಷದಲ್ಲಿ ಅದೂ ಅದೇ ಗತಿಗೆ ಬರುತ್ತದೆ.

ಇಲ್ಲಿಂದ ಮುಂದೆ ಏನಾಗಬೇಕು ಎಂಬುದನ್ನು ಗೋಜಲಿಲ್ಲದೆ ಹೇಳುತ್ತೇವೆ. ಇಂಧನ ತೆರಿಗೆ, ನೋಂದಣಿ ಶುಲ್ಕದಂಥವನ್ನು ರಾಜ್ಯ ಸರ್ಕಾರ ಬಜೆಟ್‌ನಲ್ಲೇ ಘೋಷಿಸಬೇಕು; ನಡುವೆ ಏರಿಸಲೇಬೇಕಾದರೆ ಮುಂದಿನ ಅಧಿವೇಶನದಲ್ಲಿ ಸದನದ ಒಪ್ಪಿಗೆ ಸಿಗದಿದ್ದರೆ ಅದು ರದ್ದಾಗುವಂತೆ ಕಾಯ್ದೆ ತಿದ್ದಬೇಕು. ಪಾಲುದಾರಿಕೆ ಸಂಸ್ಥೆಗಳಿಗೆ, ಕನಿಷ್ಠ ವ್ಯಾಪಾರದಲ್ಲೇ ತೊಡಗಿಸಿದ ಲಾಭದ ಮಟ್ಟಿಗಾದರೂ, ಕಂಪನಿಗಳ ಶೇ 22ರ ದರ ಸಿಗಬೇಕು. ಆದಾಯ ತೆರಿಗೆಯ ಮಿತಿಗಳು ಬೆಲೆ ಏರಿಕೆಯ ಜೊತೆ ತಾವಾಗಿಯೇ ಏರುವ ನಿಯಮ ಬರಬೇಕು. ಮಿತಿ ದಾಟಿದ ಸಣ್ಣ ವ್ಯಾಪಾರಿಗೆ ಮೊದಲ ವರ್ಷ ಕನ್ನಡದಲ್ಲಿ ತಿಳಿವಳಿಕೆ ಪತ್ರ ಕೊಡದೆ ಹಿಂದಿನ ವರ್ಷಗಳ ತೆರಿಗೆ, ಬಡ್ಡಿ, ದಂಡ ಕೇಳುವ ಅಧಿಕಾರ ಇಲಾಖೆಗೆ ಇರಬಾರದು. ಹೆಚ್ಚುವರಿ ಪರಿಹಾರದ ಬಡ್ಡಿಯ ಮೇಲಿನ ತೆರಿಗೆ ಹೋಗಬೇಕು.

ಉತ್ತರ ಕನ್ನಡದ ಸಂಸದರು ಮತ್ತು ಕಾರವಾರ-ಅಂಕೋಲಾ ಕ್ಷೇತ್ರದ ಶಾಸಕರು ಮುಂದಿನ ಬಜೆಟ್ ಅಧಿವೇಶನದಲ್ಲಿ ಹಣಕಾಸು ಸಚಿವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ನೀವು ಈ ವರ್ಷ ಹಾಕಲಿರುವ, ಏರಿಸಲಿರುವ ತೆರಿಗೆಗಳೆಲ್ಲ ಈ ಪುಸ್ತಕದಲ್ಲಿ ಇವೆಯೇ? ಇವೆ ಎಂದರೆ ಆ ಉತ್ತರ ಸದನದ ಕಡತಕ್ಕೆ ಹೋಗಲಿ. ಇಲ್ಲ ಎಂದರೆ ಉಳಿದವು ಯಾವುವು ಎಂದು ಅಲ್ಲೇ ಓದಿ ಹೇಳಲಿ. ಈ ಪ್ರಶ್ನೆ ಕೇಳದ ಪ್ರತಿನಿಧಿಯ ಹೆಸರನ್ನು ಈ ಪತ್ರಿಕೆ ಇದೇ ಪುಟದಲ್ಲಿ ಪ್ರಕಟಿಸುತ್ತದೆ.